ಹುದ್ದೆ ಒಬ್ಬರದು, ದುಡಿಮೆ ಇನ್ನೊಬ್ಬರದು

ವೃತ್ತಿ ಮನುಷ್ಯನ ಸ್ವಭಾವವನ್ನು ರೂಪಿಸುತ್ತದೆ ಎಂಬ ಮಾತನ್ನು ನಾವೆಲ್ಲ ಸುಲಭವಾಗಿ ಒಪ್ಪಿಕೊಳ್ಳುತ್ತೇವೆ. ವ್ಯಾಪಾರಿ ಎಂದರೆ ಲೆಕ್ಕಾಚಾರದವನು, ಮೇಷ್ಟ್ರು ಎಂದರೆ ಬುದ್ಧಿ ಹೇಳುವವರು ಎಂದು ಹಣೆಪಟ್ಟಿ ಹಚ್ಚಿ ಸುಮ್ಮನಾಗುತ್ತೇವೆ. ಆದರೆ ಮನುಷ್ಯನನ್ನು ಬದಲಿಸುವುದು ಅವನ ಹುದ್ದೆಯೋ, ಅವನ ದುಡಿಮೆಯೋ? ಕನ್ನಡದ ಕೆಲವು ಕಾದಂಬರಿಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ.

ಎಸ್.ಎಲ್. ಭೈರಪ್ಪನವರ 'ಗೃಹಭಂಗ' (1970) ಕಂದಿಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಓದುಗರಿಗೆ ದೂರದ ಕತೆಯಲ್ಲ. ಅದು ನಡೆಯುವುದು ಪಕ್ಕದ ತಿಪಟೂರು ಸೀಮೆಯಲ್ಲಿ. ಅಲ್ಲಿ ಶಾನುಭೋಗಿಕೆ ಚೆನ್ನಿಗರಾಯನದು, ಲೆಕ್ಕದ ಪುಸ್ತಕ ಬರೆಯುವವಳು ಹೆಂಡತಿ ನಂಜಮ್ಮ. ಗೆರೆ ಎಳೆದು, ಅಂಕಿ ಕೂಡಿಸಿ, ತಪ್ಪಿಲ್ಲದಂತೆ ಲೆಕ್ಕ ಒಪ್ಪಿಸುವ ಕೆಲಸ ಅವಳಿಗೆ ಧೈರ್ಯವನ್ನೂ ಸ್ವಂತ ತೀರ್ಮಾನದ ಶಕ್ತಿಯನ್ನೂ ಕೊಡುತ್ತದೆ. ಬರುವ ಸಂಭಾವನೆಯನ್ನು ತಿಂದು ಕಳೆಯುವ ಗಂಡ ಇದ್ದಲ್ಲೇ ಇರುತ್ತಾನೆ. ಒಂದೇ ಪುಸ್ತಕ, ಎರಡು ಬಗೆಯ ಮನುಷ್ಯರು.

ಇಲ್ಲಿ ನಮ್ಮದೊಂದು ತಕರಾರಿದೆ. ಚೆನ್ನಿಗರಾಯ ಮೊದಲಿನಿಂದಲೇ ಮಂದಬುದ್ಧಿಯ ಹೊಟ್ಟೆಬಾಕ. ದುಡಿಯದೆ ದಕ್ಕಿದ ಹುದ್ದೆ ಅವನನ್ನು ಹೇಗೆ ಕೆಡಿಸಿತು ಎಂದು ನೋಡುವ ಅವಕಾಶವನ್ನು ಲೇಖಕರು ನಮಗೆ ಕೊಡುವುದಿಲ್ಲ. ದೋಷವೆಲ್ಲ ಹುಟ್ಟುಗುಣ ಮತ್ತು ತಾಯಿಯ ಮೇಲೆ ಬೀಳುತ್ತದೆ.

ವಂಶಪಾರಂಪರ್ಯದ ಶಾನುಭೋಗಿಕೆ 1963ರಲ್ಲಿ ರದ್ದಾಯಿತು. ದುಡಿಯದವನಿಗೂ ಹುದ್ದೆ ಸಿಗುವ ಪದ್ಧತಿ ಮಾತ್ರ ರೂಪ ಬದಲಿಸಿ ಉಳಿಯಿತು. ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಕಾದಂಬರಿಯ ನಿರೂಪಕ ಮನೆಯ ಮಸಾಲೆ ಕಂಪನಿಯಲ್ಲಿ ಹೆಸರಿಗೆ ನಿರ್ದೇಶಕ. ಕೆಲಸವೆಲ್ಲ ಚಿಕ್ಕಪ್ಪನದು, ಹಣ ಎಲ್ಲರದು. ಹಿಂದೆ ಕಷ್ಟಸುಖ ಹಂಚಿಕೊಂಡು ಪುಟ್ಟ ಮನೆಯಲ್ಲಿದ್ದವರೇ ದುಡಿಯುವವನ ತಪ್ಪನ್ನು ಮುಚ್ಚುವವರಾಗುತ್ತಾರೆ. ಭೈರಪ್ಪನವರು ತೋರಿಸದೆ ಬಿಟ್ಟ ಆ ನಿಧಾನದ ಕುಸಿತ ಇಲ್ಲಿ ಕಾಣುತ್ತದೆ. ಗಂಡ ಸ್ವಂತ ದುಡಿಯಬೇಕೆಂದು ಹಟ ಹಿಡಿದ ಅನಿತಾಳೇ ಆ ಮನೆಗೆ ಹೊರಗಿನವಳಾಗುತ್ತಾಳೆ.

ಹಾಗಾದರೆ ದುಡಿಮೆಯೊಂದಿದ್ದರೆ ಸಾಕೆ? ಸಾಲದು ಎನ್ನುತ್ತದೆ ಯಶವಂತ ಚಿತ್ತಾಲರ 'ಶಿಕಾರಿ' (1979). ಮುಂಬಯಿಯ ಕಂಪನಿಯೊಂದರಲ್ಲಿ ತನ್ನ ಜ್ಞಾನದಿಂದಲೇ ಮೇಲೆ ಬಂದ ನಾಗಪ್ಪ ಕೊನೆಗೆ ಎದುರಿನವರ ಪ್ರತಿ ಮಾತಿನಲ್ಲೂ ಬಲೆಯನ್ನು ಹುಡುಕುತ್ತಾನೆ. ದುಡಿಮೆಯ ಯೋಗ್ಯತೆಯನ್ನು ತೀರ್ಮಾನಿಸುವ ಅಧಿಕಾರ ಬೇರೆಯವರ ಕೈಗೆ ಹೋದಾಗ ನಂಜಮ್ಮನ ಧೈರ್ಯದ ಜಾಗದಲ್ಲಿ ಭಯ ಬಂದು ಕೂರುತ್ತದೆ.

ಈ ಮೂರನ್ನೂ ಓದಿದವರು ಕಂದಿಕೆರೆ ಸೀಮೆಯ ಕೊಬ್ಬರಿಯತ್ತ ಒಮ್ಮೆ ನೋಡಬೇಕು. ಇಲ್ಲಿ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿ ಸದ್ದಿನಿಂದಲೇ ಹದ ತಿಳಿಯುವವರಿದ್ದಾರೆ, ದಿನವಿಡೀ ಬಗ್ಗಿ ಸುಲಿಯುವವರಿದ್ದಾರೆ, ತಿಪಟೂರು ಮಾರುಕಟ್ಟೆಯ ಧಾರಣೆಯನ್ನಷ್ಟೇ ಕೇಳುವವರೂ ಇದ್ದಾರೆ. ಒಂದೇ ಕಾಯಿಯನ್ನು ನಂಬಿದ ಈ ಮೂವರ ಮನಸ್ಸು ಒಂದೇ ಆಗಿರಲು ಸಾಧ್ಯವೆ? ತೆಂಗಿನ ಸೀಮೆಯ ಕತೆ ಬರೆಯಲು ಹೊರಟವರು ಧಾರಣೆಯನ್ನು ಆಮೇಲೆ ವಿಚಾರಿಸಲಿ. ಸುಲಿದವರ ಕೈಯನ್ನು ಮೊದಲು ನೋಡಲಿ.