ಇಲ್ಲದವರೊಡನೆ ಒಡಂಬಡಿಕೆ

ಯೆಹೂದ್ಯರ ತೋರಾ ಐದು ಕಾಂಡಗಳುಳ್ಳ ಗ್ರಂಥ. ಅದನ್ನು 54 ಭಾಗಗಳಾಗಿ ವಿಂಗಡಿಸಿ, ಪ್ರತಿ ಸಬ್ಬತ್ ದಿನವೂ ಸಭಾಮಂದಿರದಲ್ಲಿ ಸ್ವರಬದ್ಧವಾಗಿ ಓದಿ, ವರ್ಷಕ್ಕೆ ಒಂದಾವೃತ್ತಿ ಮುಗಿಸುವುದು ಅವರಲ್ಲಿ ಬಹುಜನರ ಸಂಪ್ರದಾಯ. ಕಡೆಯ ಭಾಗವು ಮುಗಿದೊಡನೆ ಮೊದಲನೆಯದನ್ನು ಪ್ರಾರಂಭಿಸುವರು. ಇಂಥ ಪಾರಾಯಣದ ಪುಣ್ಯಫಲದ ಮಾತು ಹಾಗಿರಲಿ. ಒಂದು ಜನಾಂಗವು ತನ್ನ ಜನಾಂಗತ್ವವನ್ನು ಈ ಓದಿನಿಂದ ಹೇಗೆ ಅರಿತುಕೊಂಡಿತೆಂಬುದೇ ವಿಚಾರಾರ್ಹವಾದ ವಿಷಯ.

ಇದಕ್ಕೆ ‘ನಿತ್ಸಾವೀಮ್’ ಎಂಬ ಭಾಗವು ಉತ್ತಮ ನಿದರ್ಶನ. ಯೆಹೂದ್ಯರ ಹೊಸ ವರ್ಷಕ್ಕೆ ಹಿಂದಿನ ಸಬ್ಬತ್ತಿನಲ್ಲಿ ಓದತಕ್ಕ ಈ ಭಾಗವು ಧರ್ಮೋಪದೇಶಕಾಂಡದಲ್ಲಿದೆ. ಮರಣವು ಸಮೀಪಿಸಿದ ಮೋಶೆಯು ಮೋವಾಬ್ ದೇಶದಲ್ಲಿ ಇಸ್ರಾಯೇಲ್ಯರನ್ನು ನಿಲ್ಲಿಸಿ ದೇವರೊಡನೆ ಒಡಂಬಡಿಕೆಗೆ ಒಳಪಡಿಸುತ್ತಾನೆ. ನಿಂತವರ ಪಟ್ಟಿಯು ಕುಲಾಧಿಪತಿಗಳಿಂದ ತೊಡಗಿ ಹಿರಿಯರು, ಅಧಿಕಾರಿಗಳು, ಮಕ್ಕಳು, ಸ್ತ್ರೀಯರು, ಪಾಳೆಯದಲ್ಲಿರುವ ಪರದೇಶಿಗಳು, ಕಟ್ಟಿಗೆ ಕಡಿಯುವವರು, ನೀರು ಸೇದುವವರು ಎಂದು ಇಳಿಯುತ್ತದೆ. ಅಷ್ಟಕ್ಕೇ ನಿಲ್ಲದೆ, ಆ ದಿನ ಅಲ್ಲಿ ಇಲ್ಲದವರೂ ಈ ಒಡಂಬಡಿಕೆಗೆ ಸೇರಿದವರೆಂದು ಗ್ರಂಥವು ವಿಧಿಸುತ್ತದೆ.

ಇಲ್ಲಿ ಪೂರ್ವಪಕ್ಷವು ಸಹಜವಾಗಿಯೇ ಏಳುತ್ತದೆ. ಇನ್ನೂ ಹುಟ್ಟದವನನ್ನು ಹಿಂದಿನವರ ಮಾತು ಕಟ್ಟಬಲ್ಲುದೆ? ಮುಂದೆ ಹುಟ್ಟತಕ್ಕವರ ಆತ್ಮಗಳೆಲ್ಲವೂ ಅಂದು ಅಲ್ಲಿದ್ದುವೆಂದು ಪ್ರಾಚೀನ ವ್ಯಾಖ್ಯಾನಕಾರರು ಸಮಾಧಾನ ಹೇಳಿದರು. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಯೆಹೂದ್ಯರಲ್ಲಿ ಒಬ್ಬನಾದ ಇಸಾಕ್ ಅಬ್ರವನೆಲ್ ಎಂಬ ಪಂಡಿತನಿಗೆ ಈ ಸಮಾಧಾನವು ಸಾಲಲಿಲ್ಲ. ಅನೇಕರು ಮತವನ್ನು ತ್ಯಜಿಸಬೇಕಾಗಿ ಬಂದ ಆ ಕಾಲದಲ್ಲಿ ಪ್ರಶ್ನೆಯು ಕೇವಲ ವಾದವಾಗಿರಲಿಲ್ಲ. ತಂದೆಯ ಸಾಲವು ಮಕ್ಕಳಿಗೆ ಬರುವಂತೆ ಈ ಬಂಧನವೂ ಬರುತ್ತದೆಂಬುದು ಅವನ ಸಿದ್ಧಾಂತದ ಸಾರ.

ಋಣದ ಈ ಯುಕ್ತಿಯು ಬಲವಾದದ್ದೇ. ಆದರೆ ಸಾಲವನ್ನು ಹೊರಬಹುದಲ್ಲದೆ ಪ್ರೀತಿಸಲಾಗದು. ಉತ್ತಮವಾದ ಉತ್ತರವು ಪಾರಾಯಣ ಕ್ರಮದಲ್ಲಿಯೇ ಅಡಗಿದೆ. ಅಂದು ಇಲ್ಲದಿದ್ದವನು ಇಂದು ಸಭೆಯಲ್ಲಿ ನಿಂತು ಆ ಪಟ್ಟಿಯನ್ನು ಕೇಳುತ್ತಾನೆ. ಕೇಳಿ ತನ್ನನ್ನು ಅದರಲ್ಲಿ ಸೇರಿಸಿಕೊಳ್ಳುತ್ತಾನೆ. ಬೇರೆ ಕುಲದಿಂದ ಬಂದು ಮತವನ್ನು ಸ್ವೀಕರಿಸತಕ್ಕವರೂ ಆ ಇಲ್ಲದವರಲ್ಲಿ ಸೇರಿದವರೆಂದು ತಾಲ್ಮುದ್ ಹೇಳುವುದರಿಂದ, ಜನಾಂಗವೆಂದರೆ ಕೇವಲ ರಕ್ತಸಂಬಂಧವಲ್ಲವೆಂದು ಸ್ಪಷ್ಟವಾಗುತ್ತದೆ. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯವು ನಾಶವಾದ ಮೇಲೂ ಈ ಜನರು ಚದರಿಯೂ ಒಂದಾಗಿ ಉಳಿದುದಕ್ಕೆ ಇಂಥ ಓದೂ ಒಂದು ಕಾರಣ.

ದೋಷವನ್ನು ಮರೆಮಾಡುವುದು ವಿಮರ್ಶೆಯಾಗದು. ಅದೇ ಕಾಂಡದಲ್ಲಿ ಕಾನಾನಿನ ಏಳು ಜನಾಂಗಗಳನ್ನು ನಿರ್ಮೂಲಗೊಳಿಸಬೇಕೆಂಬ ಕ್ರೂರವಾದ ಆಜ್ಞೆಯೂ ಉಂಟು. ಐಗುಪ್ತದಲ್ಲಿ ಪರದೇಶಿಗಳಾಗಿದ್ದವರು ಪರದೇಶಿಯನ್ನು ಪ್ರೀತಿಸಬೇಕೆಂಬ ವಿಧಿಯೂ ಉಂಟು. ಪರದೇಶಿಯ ವಿಷಯವಾದ ಎಚ್ಚರಿಕೆಗಳು ತಾಲ್ಮುದಿನ ಒಂದು ಎಣಿಕೆಯಂತೆ ತೋರಾದಲ್ಲಿ 36 ಕಡೆ ಬರುತ್ತವೆ. ಪ್ರಿಯವಾದುದನ್ನು ಆಯ್ದು ಅಪ್ರಿಯವಾದುದನ್ನು ಬಿಡಲು ವಾರಪಾರಾಯಣವು ಅವಕಾಶ ಕೊಡದು. ಎರಡನ್ನೂ ಕೇಳಿ ವಿವೇಚಿಸುವ ಹೊಣೆ ಕೇಳುವವನದು.

ಕೇಳುವವರ ಆಚಾರವೂ ಗ್ರಂಥದ ಪರೀಕ್ಷೆಗೆ ಒಳಗಾಗತಕ್ಕದ್ದೇ. ಈ ಓದಿಗೆ ಹತ್ತು ಮಂದಿಯ ಸಭೆ ಬೇಕು; ಸಾಂಪ್ರದಾಯಿಕರು ಪುರುಷರನ್ನು ಮಾತ್ರ ಎಣಿಸಿದರು, ಅನೇಕ ನವೀನ ಸಭೆಗಳು ಸ್ತ್ರೀಯರನ್ನೂ ಎಣಿಸುತ್ತಿವೆ. ಮೋಶೆಯ ಮುಂದೆ ನಿಂತವರ ಪಟ್ಟಿಯಲ್ಲಿ ಸ್ತ್ರೀಯರೂ ನೀರು ಸೇದುವವರೂ ಮೊದಲೇ ಇದ್ದರೆಂಬುದನ್ನು ಪ್ರತಿ ವರ್ಷದ ಓದೂ ನೆನಪಿಗೆ ತರುತ್ತದೆ.