ಕಂಬಳಿಕೊಪ್ಪೆಯ ಮೂಲ

ಕಳಸ, ಮೂಡಿಗೆರೆಗಳ ಆಷಾಢದ ಜಡಿಮಳೆಯಲ್ಲಿ ಕಾಫಿತೋಟದಾಳಿನ ಬೆನ್ನನ್ನೂ ನಾಟಿಗದ್ದೆಯ ರೈತನ ತಲೆಯನ್ನೂ ತಲೆಮಾರುಗಳಿಂದ ಕಾಯ್ದುಕೊಂಡು ಬಂದಿರುವ ಕಂಬಳಿಕೊಪ್ಪೆಯ ಗುಣವು, ಮಗ್ಗಕ್ಕೂ ಎಷ್ಟೋ ಮೊದಲು, ಮಲೆಯಿಂದಾಚೆ ಚಿತ್ರದುರ್ಗ, ಚಳ್ಳಕೆರೆಗಳ ಬಯಲಿನಲ್ಲಿ, ಬೀಜದ ಟಗರನ್ನು ಆರಿಸುವ ಕುರುಬನ ಕಣ್ಣಿನಲ್ಲಿಯೇ ಆರಂಭವಾಗುತ್ತದೆ. ಮೈತುಂಬ ಕಪ್ಪಾದ, ಒತ್ತಾದ ಉಣ್ಣೆಯುಳ್ಳ ಗಂಡುಮರಿಯನ್ನು ಉಳಿಸಿಕೊಂಡು ಮಿಕ್ಕವನ್ನು ಹಿಂಡಿನಿಂದ ಬೇರ್ಪಡಿಸುವ ಈ ಪರಂಪರಾಗತ ವಿವೇಚನೆಯನ್ನು ಶಾಸ್ತ್ರವೆಂದೇ ಕರೆಯಬೇಕು. ಮೆರಿನೋ ತಳಿಯ ನವಿರಾದ ಉಣ್ಣೆ ಲೋಕಪ್ರಸಿದ್ಧವೇ ಸರಿ. ಆದರೆ ಹುಣಸೆಬೀಜದ ಗಂಜಿಯಿಂದ ಬಿಗಿಗೊಂಡ ದಖನಿ, ಬಳ್ಳಾರಿ ಕುರಿಗಳ ಒರಟುನೂಲೇ ನಮ್ಮ ಮಳೆಗೆ ಅನುರೂಪವಾದುದು. ಮಾಂಸದ ಲಾಭಕ್ಕಾಗಿ ಉಣ್ಣೆಯಿಲ್ಲದ ತಳಿಗಳ ಟಗರುಗಳನ್ನು ಹಿಂಡಿಗೆ ಬಿಡುತ್ತಿರುವ ಈ ಕಾಲದಲ್ಲಿ, ಕರಿಯ ಟಗರನ್ನು ಉಳಿಸಿಕೊಂಡವನ ಕಂಬಳಿಯನ್ನು ಮಲೆನಾಡಿನವರು ತಕ್ಕ ಬೆಲೆಯಿತ್ತು ಕೊಳ್ಳಬೇಕು.