ಮೊದಲ ಪಾಠವಿಲ್ಲದ ಭೌತಶಾಸ್ತ್ರ

ನಮ್ಮ ಪಿಯು ವಿದ್ಯಾರ್ಥಿಗಳು ಓದುವ ಎನ್‌ಸಿಇಆರ್‌ಟಿಯ 11ನೇ ತರಗತಿಯ ಭೌತಶಾಸ್ತ್ರ ಪುಸ್ತಕಕ್ಕೆ ಹಿಂದೆ ಒಂದು ಪೀಠಿಕೆಯಂಥ ಪಾಠವಿತ್ತು. ಹೆಸರು 'ಭೌತ ಜಗತ್ತು'. ಲ್ಯಾಟಿನ್ ಮೂಲದ 'ಸೈನ್ಸ್', ಸಂಸ್ಕೃತದ 'ವಿಜ್ಞಾನ', ಅರಬಿಯ 'ಇಲ್ಮ್' ಮೂರಕ್ಕೂ ಅರಿವು ಎಂಬುದೇ ಅರ್ಥವೆಂದು ಅದು ಆರಂಭದಲ್ಲೇ ತಿಳಿಸುತ್ತಿತ್ತು. ಅದರ ಪಟ್ಟಿಯಲ್ಲಿ ರಾಮನ್, ಬೋಸ್, ಸಹಾ ಇದ್ದಂತೆ ಪಾಕಿಸ್ತಾನದ ಅಬ್ದುಸ್ಸಲಾಮ್ ಕೂಡಾ ಇದ್ದರು. ಕೋವಿಡ್ ಬಳಿಕ, 2022ರಲ್ಲಿ, ಮಕ್ಕಳ ಹೊರೆ ಇಳಿಸುವ ಹೆಸರಿನಲ್ಲಿ ಈ ಪಾಠವನ್ನು ಕೈಬಿಡಲಾಯಿತು. ಈಗ ಪುಸ್ತಕ ತೆರೆದರೆ ನೇರವಾಗಿ ಮಾನ ಮತ್ತು ಅಳತೆ.

ಹೊರೆ ಇದ್ದದ್ದು ಆ ಪಾಠದಲ್ಲೇ? ಅದರಲ್ಲಿ ಬಿಡಿಸಬೇಕಾದ ಲೆಕ್ಕವೇ ಇರಲಿಲ್ಲ. ಮಕ್ಕಳು ಬೆವರುವುದು ಆವರ್ತ ಚಲನೆಯ ಮುಂದೆ, ಉಷ್ಣಗತಿ ವಿಜ್ಞಾನದ ಮುಂದೆ. ಅವು ಇದ್ದಲ್ಲೇ ಇವೆ.

ದ್ವಿತೀಯ ಪಿಯುಸಿಯ ಬೆಳಕಿನ ಪಾಠದಿಂದ ಕಾಮನಬಿಲ್ಲೂ ಆಕಾಶದ ನೀಲಿಯೂ ಹೋದವು. ಚದುರುವಿಕೆಯ ವಿಷಯ ಹತ್ತನೇ ತರಗತಿಯಲ್ಲಿದೆ, ನಿಜ. ಆದರೆ ಅಲ್ಲಿ ಬರೀ ವಿವರಣೆ. ಚದುರುವಿಕೆಯು ತರಂಗದೂರದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ ಎಂಬ ನಿಯಮ ಇದ್ದದ್ದು ಇಲ್ಲಿ. 450 ನ್ಯಾನೊಮೀಟರಿನ ನೀಲಿಯನ್ನು 700ರ ಕೆಂಪಿನೊಂದಿಗೆ ಹೋಲಿಸಿದರೆ ನೀಲಿ ಸುಮಾರು ಆರು ಪಟ್ಟು ಹೆಚ್ಚು ಚದುರುತ್ತದೆ. ಎರಡು ಸಾಲಿನ ಲೆಕ್ಕದಲ್ಲಿ ಆಕಾಶ ಕೈಗೆ ಸಿಗುತ್ತಿತ್ತು! 1921ರಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ರಾಮನ್ ಕೇಳಿಕೊಂಡ ಪ್ರಶ್ನೆಯೂ ಇದೇ ಜಾತಿಯದು. ಅದು ಅವರನ್ನು 1930ರ ನೊಬೆಲ್‌ವರೆಗೆ ಕೊಂಡೊಯ್ದಿತು.

ಹಾಗೆಂದು ಪುಸ್ತಕವನ್ನು ಮಾತ್ರ ದೂರಲಾರೆವು. ಮೊದಲ ಪಾಠ ಇದ್ದಾಗಲೂ 'ಇದನ್ನು ಮನೆಯಲ್ಲಿ ಓದಿಕೊಳ್ಳಿ' ಎಂದು ಮುಂದೆ ಹೋದ ತರಗತಿಗಳು ಕಡಿಮೆಯಲ್ಲ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಒಂದಕ್ಕೆ ಸಿಗುವುದು 80 ಸೆಕೆಂಡು. ಆ ಓಟಕ್ಕೆ ಸಜ್ಜಾಗುವ ಕೋಚಿಂಗ್ ಕೊಠಡಿಯಲ್ಲಿ ಕಾಮನಬಿಲ್ಲಿಗೆ ಜಾಗವೆಲ್ಲಿ? ಪಾಠವೂ ನಿರ್ದೋಷಿಯಲ್ಲ, ಅದರ ಪಟ್ಟಿಗಳನ್ನು ಸಾಮಾನ್ಯ ಜ್ಞಾನದಂತೆ ಉರು ಹೊಡೆಯಬಹುದಿತ್ತು.

ಹೆಚ್ಚು ಕಳಕೊಂಡವರು ಕನ್ನಡ ಮಾಧ್ಯಮದಿಂದ ಬಂದವರು. ಹತ್ತರವರೆಗೆ ಜವ, ವೇಗ, ವೇಗೋತ್ಕರ್ಷ ಎಂದು ಕಲಿತ ಹುಡುಗಿಗೆ ಜೂನ್ ತಿಂಗಳಲ್ಲಿ ಅವೆಲ್ಲ ಸ್ಪೀಡ್, ವೆಲಾಸಿಟಿ, ಆಕ್ಸಲರೇಶನ್ ಆಗಿಬಿಡುತ್ತವೆ. ಲೆಕ್ಕವಿಲ್ಲದ ಆ ಪಾಠದಲ್ಲಿ ಅವಳು ಹೊಸ ಭಾಷೆಗೆ ಹೊಂದಿಕೊಳ್ಳಲು ಒಂದು ವಾರವಾದರೂ ಸಿಗುತ್ತಿತ್ತು. ಈಗ ಮೊದಲ ದಿನವೇ ಘಾತಸೂಚಿ, ಆಯಾಮ ಸೂತ್ರ.